ಜೋಳಕ್ಕೆ ಬಂದ ಮನಿಮಗಳು

ಸಂಧ್ಯಾಳಿಗೆ ಶೇವಂತಿಯನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು. ಈ ಮಾತನ್ನು ಅವಳು ಗಂಡನಿಗೆ ಹೇಳಿರಲಿಲ್ಲ, ಬನಹಟ್ಟಿಯ ತವರಿನಲ್ಲಿ ತಾಯಿಗೂ ಹೇಳಿರಲಿಲ್ಲ. ಬೀಳಗಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುವ, ಊರಿನವರೆಲ್ಲ ಟೀಚರ್ ಎಂದು ಕೈ ಮುಗಿಯುವ ಹೆಣ್ಣುಮಗಳು ತನ್ನ ಮನೆಯಲ್ಲಿ ಭಾಂಡೆ ತಿಕ್ಕುವವಳ ಮೇಲೆ ಹೊಟ್ಟೆಕಿಚ್ಚು ಪಡುತ್ತಾಳೆಂದರೆ ಯಾರಾದರೂ ನಗುತ್ತಿದ್ದರು.

ಆದರೆ ಆ ಮನೆಯಲ್ಲಿ ಶೇವಂತಿಯನ್ನು ಯಾರೂ ಕೆಲಸದವಳು ಅನ್ನುತ್ತಿರಲಿಲ್ಲ. ಮನಿಮಗಳು ಅನ್ನುತ್ತಿದ್ದರು. ಸಂಧ್ಯಾ ಮದುವೆಯಾಗಿ ಬಂದು ಒಂಬತ್ತು ವರ್ಷವಾಗಿತ್ತು. ಇಂದಿಗೂ ಅತ್ತೆ ಬಾಳವ್ವ ಬಂದವರೆದುರು ಅವಳನ್ನು ತೋರಿಸುತ್ತಿದ್ದುದು "ನಮ್ಮ ವೀರೇಶನ ಹೇಣ್ತಿ, ಬನಹಟ್ಟಿಯಾಕಿ" ಎಂದು. ಶೇವಂತಿ ಚಹಾ ತಂದಿಟ್ಟರೆ ಮಾತ್ರ "ಇಕಿ ನಮ್ಮಕಿ" ಅನ್ನುತ್ತಿದ್ದಳು. ಆಗ ಅವಳ ದನಿ ಮೆತ್ತಗಾಗುತ್ತಿತ್ತು.

ಅವರದು ದೇಸಾಯರ ಮನೆತನ. ಅನಗವಾಡಿಯ ಆಚೆ, ಕೃಷ್ಣೆಯ ದಂಡೆಯ ಹಳೇ ಊರಿನಲ್ಲಿ ಅವರ ದೊಡ್ಡ ಮನೆ, ವಾಡೆ, ಇತ್ತು. ಅಣೆಕಟ್ಟಿನ ಹಿನ್ನೀರು ಏರಿ ಊರು ಮುಳುಗಿದಾಗ ಬೀಳಗಿಗೆ ಬಂದು ಆರ್‌ಸಿಸಿ ಮನೆ ಕಟ್ಟಿಸಿಕೊಂಡರು. ವಾಡೆಯಿಂದ ಹೊತ್ತು ತಂದದ್ದು ತಲಬಾಗಿಲಿನ ಚೌಕಟ್ಟು, ದೇವರ ಪೆಟ್ಟಿಗೆ, ಎರಡು ತಾಮ್ರದ ಹಂಡೆ, ಆಮೇಲೆ ಶೇವಂತಿ ಮತ್ತು ಅವಳ ತಾಯಿ. ತಾಯಿ ತೀರಿಕೊಂಡು ಬಹಳ ವರ್ಷವಾಗಿತ್ತು. ಶೇವಂತಿಗೆ ಈಗ ನಲವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಯಾಕೆ ಆಗಲಿಲ್ಲವೆಂದು ಆ ಮನೆಯಲ್ಲಿ ಯಾರೂ ಕೇಳಿದ್ದನ್ನು ಸಂಧ್ಯಾ ಕಂಡಿರಲಿಲ್ಲ. ಹಿತ್ತಲಿನ ಕಡೆಯ ಖೋಲಿಯಲ್ಲಿ, ಶೇಂಗಾ ಚೀಲಗಳ ನಡುವೆ ಅವಳ ಹಾಸಿಗೆ.

ಸಂಧ್ಯಾಳ ಉರಿ ಒಂದೇ ದಿನಕ್ಕೆ ಹುಟ್ಟಿದ್ದಲ್ಲ. ಅವಳು ಹೊಸದಾಗಿ ಬಂದಾಗ ಪುಂಡಿಪಲ್ಲೆ ಮಾಡಿ ಬಡಿಸಿದರೆ ವೀರೇಶ ಒಂದು ತುತ್ತು ಉಂಡು, "ಶೇವಂತಿ, ಸ್ವಲ್ಪ ಒಗ್ಗರಣಿ ಹಾಕಿ ಕೊಡ" ಎಂದಿದ್ದ. ಚಿಕ್ಕಂದಿನಿಂದ ಅವನಿಗೆ ಯಾವ ಔಷಧ ಆಗಿಬರುವುದಿಲ್ಲ, ನಿದ್ದೆಯಲ್ಲಿ ಅವನು ಏನು ಬಡಬಡಿಸುತ್ತಾನೆ, ಎಲ್ಲ ಶೇವಂತಿಗೆ ಗೊತ್ತು. ಆಮೇಲೆ ಮುಧೋಳದಲ್ಲಿ ಒಂದು ಮದುವೆ. ದೂರದ ಸಂಬಂಧದ ಹಿರಿಯ ಶಿವಯೋಗೆಪ್ಪ ಅಲ್ಲಿ ಶೇವಂತಿಯನ್ನು ನೋಡಿ, "ಇಕಿ ವೀರೇಶನ ತಂಗೀ ಏನ? ಮುಖಾ ಹಂಗಽ ಐತಿ" ಎಂದುಬಿಟ್ಟ. ಬಾಳವ್ವ ಎಲೆಯಡಿಕೆಯ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡಳು. ಅಲ್ಲ ಎಂದು ಯಾರೂ ಅನ್ನಲಿಲ್ಲ. ಆವತ್ತಿನಿಂದ ಸಂಧ್ಯಾ, ಗೋಡೆಯ ಮೇಲಿನ ಮಾವನ ಫೋಟೋದ ಮೂಗನ್ನೂ ಶೇವಂತಿಯ ಮೂಗನ್ನೂ ಕದ್ದು ಕದ್ದು ಹೋಲಿಸಿ ನೋಡುತ್ತಿದ್ದಳು. ಮಾವನದೇ ಮಗಳಿರಬೇಕು, ಅದಕ್ಕೇ ಇಷ್ಟು ಪ್ರೀತಿ ಎಂದುಕೊಳ್ಳುತ್ತಿದ್ದಳು. ರಕ್ತದ ಸಂಬಂಧದೆದುರು ತನ್ನ ತಾಳಿಯ ಸಂಬಂಧ ತೆಳುವಾಗಿ ಕಾಣುತ್ತಿತ್ತು.

ಬಾಳವ್ವ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡ ಮೇಲೆ ಸಂಧ್ಯಾಳ ಸಂಕಟ ಮಿತಿಮೀರಿತು. ಬಾಗಲಕೋಟೆಯಲ್ಲಿ ಆಪರೇಷನ್ ಆಗಿ ಮನೆಗೆ ಬಂದ ಅತ್ತೆಗೆ ಏಳಲು, ಹೊರಳಲು, ಉಣ್ಣಲು, ಎಲ್ಲದಕ್ಕೂ ಶೇವಂತಿ ಬೇಕು. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಬೆರಳಿನಿಂದ ಮಿದ್ದು, ತುಪ್ಪ ಬಿಟ್ಟು ತುತ್ತು ಮಾಡಿ ಬಾಯಿಗಿಟ್ಟರೇ ಅವಳು ಉಣ್ಣುತ್ತಿದ್ದಳು. ಸಂಧ್ಯಾ ಒಂದು ಶನಿವಾರ ಸಾಲಿ ಬಿಟ್ಟೊಡನೆ ಓಡೋಡಿ ಬಂದು, ಬಿಸಿನೀರು ಕಾಸಿ, ಅತ್ತೆಯ ಮೈ ಒರೆಸಲು ಕೂತಳು. ಬಾಳವ್ವ ಕಣ್ಣು ತೆರೆದು ನೋಡಿ ಕೈ ಹಿಂದಕ್ಕೆಳೆದುಕೊಂಡಳು.

"ಶೇವಂತಿ ಎಲ್ಲದಾಳ?"

"ನಾ ಒರಸ್ತೀನಿ ಅತ್ತ್ಯಾರ. ಅಕಿಗಿ ಸ್ವಲ್ಪ ದಣವು ಆರಲಿ."

"ನಿನ್ನ ಕೈ ಒರಟ ಅದಾವವಾ. ಅಕಿನ್ನ ಕರಿ."

ಸಂಧ್ಯಾ ಅರಿವೆಯನ್ನು ನೀರಿನಲ್ಲಿ ಹಿಂಡಿ ಬಕೀಟಿನ ಅಂಚಿಗೆ ಹಾಕಿದಳು. ಶೇವಂತಿ ಆಗಲೇ ಬಾಗಿಲಲ್ಲಿದ್ದಳು. ಒಳಗೆ ಬಂದು ಅದೇ ಅರಿವೆ ಎತ್ತಿಕೊಂಡಳು. ಮುದುಕಿ ಮಗುವಿನ ಹಾಗೆ ಕೈ ಎತ್ತಿ ಕೊಟ್ಟಳು. ಅಡುಗೆಮನೆಗೆ ಹೋದ ಸಂಧ್ಯಾಳಿಗೆ ಅಳು ಬಂತು. ತಾನು ಅಳುತ್ತಿರುವುದು ಇಂಥದ್ದಕ್ಕೆ ಎಂದು ನಾಚಿಕೆಯೂ ಆಯಿತು.

ಮುಂದಿನ ವಾರ ಜಮಖಂಡಿಯಿಂದ ಸಂಘಮಿತ್ರಾ ಫೋನ್ ಮಾಡಿದಳು. ಬಿ.ಎಡ್. ಓದುವಾಗಿನ ಗೆಳತಿ, ಈಗ ಅಲ್ಲಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ವಾರ್ಡನ್. ಮಾತಿನ ನಡುವೆ, "ನಮ್ಮ ಅಡಗಿಯಾಕಿ ಬಿಟ್ಟು ಹೋದ್ಲು ನೋಡು. ಊಟ, ಖೋಲಿ, ಪಗಾರ ಎಲ್ಲಾ ಕೊಡ್ತೀವಿ. ನಂಬಿಗಸ್ತ ಹೆಣ್ಣಮಗಳು ಯಾರರ ಇದ್ರ ಹೇಳ" ಎಂದಳು.

ಸಂಧ್ಯಾ ಅಡುಗೆಮನೆಯ ಕಡೆ ನೋಡಿದಳು. "ಒಬ್ಬಾಕಿ ಅದಾಳ" ಎಂದಳು. ಒಳಗೆ ಏನೋ ಕುಣಿಯಿತು. ಇಷ್ಟು ಸುಲಭವೇ? ಹೊರಗೆ ಹಾಕುವುದು ಬೇಡ, ಬೈಯುವುದು ಬೇಡ, ಒಳ್ಳೇ ಕೆಲಸ ಕೊಡಿಸಿದರೆ ಆಯಿತು. ನೋಡಿದವರು ಇವಳೆಂಥ ಮನಸ್ಸಿನವಳು ಎಂದು ಹೊಗಳುತ್ತಾರೆ. ಬೇಡವಾದವಳೂ ಹೋಗುತ್ತಾಳೆ.

ಅಂದು ಸಂಜೆ ಶೇವಂತಿ ರೊಟ್ಟಿ ಬಡಿಯುತ್ತಿದ್ದಾಗ ಪಕ್ಕದಲ್ಲಿ ನಿಂತು, ಆದಷ್ಟು ಸಹಜವಾಗಿ ವಿಷಯ ಹೇಳಿದಳು. ಶೇವಂತಿಯ ಕೈ ರೊಟ್ಟಿಯ ಮೇಲೆಯೇ ನಿಂತಿತು.

"ಪಗಾರಾ ನನ್ನ ಕೈಯಾಗ ಕೊಡ್ತಾರೇನ್ರಿ ವೈನಿ?"

"ಮತ್ತ ಯಾರ ಕೈಯಾಗ ಕೊಡ್ತಾರ?"

ಶೇವಂತಿ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. ಒಂದು ಬದಿ ಕರಿಯಾಗಿತ್ತು. ಅವಳ ಕೈಯಲ್ಲಿ ರೊಟ್ಟಿ ಹತ್ತಿದ್ದನ್ನು ಸಂಧ್ಯಾ ಹಿಂದೆಂದೂ ನೋಡಿರಲಿಲ್ಲ.

"ಅವ್ವಾರನ್ನ ಕೇಳ್ರಿ" ಎಂದಳು. ಒಲ್ಲೆ ಅನ್ನಲಿಲ್ಲ. ಸಂಧ್ಯಾ ಅಷ್ಟನ್ನೇ ಹಿಡಿದುಕೊಂಡಳು.

ಬಾಳವ್ವ ಕೇಳಿ ನಕ್ಕಳು. ಸಂಧ್ಯಾ ಸಿಟ್ಟಿಗೆ ಸಜ್ಜಾಗಿ ಹೋಗಿದ್ದಳು, ನಗುವಿಗಲ್ಲ.

"ಅಕಿ ಎಲ್ಲಿ ಹೊಕ್ಕಾಳ? ಅಕಿ ನಮ್ಮಕಿ."

"ನಮ್ಮಕಿ ಅಂದ್ರ ಹೆಂಗ ಅತ್ತ್ಯಾರ? ಅಕಿಯೇನು ಕೊಂಡು ತಂದ ಸಾಮಾನೇನು?" ಸಂಧ್ಯಾ ಉರಿಯಲ್ಲಿ ಆಡಿದ ಮಾತು ಅದು. ಉತ್ತರ ಬರುತ್ತದೆಂದು ಅವಳು ಎಣಿಸಿರಲಿಲ್ಲ.

"ಹೂಂ ಮತ್ತ" ಎಂದಳು ಬಾಳವ್ವ, ಬಹಳ ಶಾಂತವಾಗಿ. "ಜೋಳಾ ಕೊಟ್ಟು ತೊಗೊಂಡಿದ್ರು. ಇಕಿನ್ನಲ್ಲ, ಇಕಿ ಮುತ್ತಜ್ಜಿ ಅವ್ವನ್ನ. ಯಂಕವ್ವ ಅಂತ ಹೆಸರು. ನಮ್ಮತ್ತಿ ನನಗ ಹೇಳಿದ್ದು."

ದಿಂಬಿಗೆ ಒರಗಿಕೊಂಡು, ಮನೆತನದ ಹಿರಿಮೆ ಹೇಳುವ ಗತ್ತಿನಲ್ಲಿ ಅವಳು ಹೇಳತೊಡಗಿದಳು. ಇಂಗ್ರೇಜರ ಕಾಲದ ದೊಡ್ಡ ಬರ ಅದು. ಎರಡು ವರ್ಷ ಮಳೆ ಹೋಗಿತ್ತು. ಸರಕಾರ ಕಂದಾಯ ಬಿಡಲಿಲ್ಲ. ರೈತರು ಮನೆಯಲ್ಲಿದ್ದ ಕಾಳು ಮಾರಿ ಕಂದಾಯ ಕಟ್ಟಿದರು. ಆ ಕಾಳನ್ನು ಪೇಟೆಯವರು ಬಂಡಿಗೆ ಹೇರಿ ಸೊಲ್ಲಾಪುರದ ರೈಲಿಗೆ ಕಳಿಸಿದರು. ಮಂದಿ ಬೇಲಿಯ ಸೊಪ್ಪು ತಿಂದು ದಾರಿಯಲ್ಲಿ ಬಿದ್ದರು. ಆದರೆ ದೇಸಾಯರ ವಾಡೆಯಲ್ಲಿ ನೆಲದೊಳಗಿನ ಹಗೇವುಗಳ ತುಂಬ ಜೋಳವಿತ್ತು.

"ಮಂದಿ ಹೆಣ್ಣಮಕ್ಕಳನ್ನ ತಂದು ತಂದು ನಮ್ಮ ಬಾಗಲಕ್ಕ ಬಿಟ್ರವಾ. ಜೋಳಾ ಅಳದು ಕೊಟ್ಟು ಇಟಗೊಂಡ್ರು ನಮ್ಮವರು. ಎಷ್ಟು ಜೀವಾ ಉಳಿಸೇತಿ ಈ ಮನಿ, ಲೆಕ್ಕ ಇಲ್ಲ. ಯಂಕವ್ವನ ಅವ್ವ ಅಪ್ಪ ಸರಕಾರದ ಕೆಲಸಕ್ಕ ಕಲ್ಲ ಒಡಿಯಾಕ ಹೋದ್ರು, ತಿರುಗಿ ಬರಲೇ ಇಲ್ಲ."

"ಆಗ ಆಳು ಕೊಳ್ಳೂದು ಕಾಯ್ದೆಯಿಂದ ಬಂದ್ ಆಗಿತ್ತಲ್ರಿ? ಸಾಲ್ಯಾಗ ಓದೇವಿ."

"ಆಗಿತ್ತು. ಅದಕ್ಕಽ ತೊತ್ತು ಅನಬಾರದು, ಮನಿಮಗಳು ಅನಬೇಕು ಅಂತ ಮಾಡಿದ್ರು. ಗೋರಾ ಸಾಹೇಬ ಕುದರಿ ಮ್ಯಾಲ ಬಂದು ನಮ್ಮ ಪಡಸಾಲ್ಯಾಗ ಕುಂತು ಹಾಲು ಕುಡದು, ಈ ಹುಡಿಗ್ಯಾರು ಅಂತ ಕೇಳಿದನಂತ. ಮನಿಮಗಳು ಅಂದ್ರಂತ. ದೇಸಾಯರಿಗಿ ಎಷ್ಟು ಮಂದಿ ಮಕ್ಕಳು ಅಂತ ನಕ್ಕು, ಬರಕೊಂಡು ಹ್ವಾದನಂತ. ಅವಗೂ ಗೊತ್ತಿತ್ತು, ಇವರಿಗೂ ಗೊತ್ತಿತ್ತು. ಕಂದಾಯ ವಸೂಲಿ ಮಾಡಿ ಕೊಡಾವರು ನಾವು. ನಮ್ಮನ್ನ ಎದುರು ಹಾಕ್ಕೊಂಡು ಅಂವೇನ ಮಾಡ್ಯಾನು?"

ಒಂಬತ್ತು ವರ್ಷ ತಾನು 'ನಮ್ಮಕಿ' ಎಂಬ ಯಾವ ಮಾತಿಗಾಗಿ ಹಸಿದಿದ್ದೆನೋ ಆ ಮಾತಿನ ಅರ್ಥ ಇದು ಎಂದು ಸಂಧ್ಯಾಳಿಗೆ ಒಮ್ಮೆಗೇ ಹೊಳೆಯಲಿಲ್ಲ. ಹೊಳೆದದ್ದು, ತಲೆ ಎತ್ತಿ ನೋಡಿದಾಗ ಬಾಗಿಲಲ್ಲಿ ಹಾಲಿನ ವಾಟಗ ಹಿಡಿದು ನಿಂತ ಶೇವಂತಿ ಕಂಡಾಗ. ಅವಳು ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಒಳಗೆ ಬಂದು ಬಾಳವ್ವನ ಕತ್ತಿನ ಕೆಳಗೆ ಕೈ ಕೊಟ್ಟು ಎತ್ತಿ, ಹಾಲು ಕುಡಿಸಿ, ಸೆರಗಿನಿಂದ ಬಾಯಿ ಒರೆಸಿ ಹೋದಳು. ಅವಳ ಮುಖದಲ್ಲಿ ಏನೂ ಇರಲಿಲ್ಲ.

ಸಂಧ್ಯಾ ಹಿತ್ತಲಿಗೆ ಹೋದಳು. ಶೇವಂತಿ ಭಾಂಡೆ ತಿಕ್ಕುತ್ತಿದ್ದಳು. ಸಂಧ್ಯಾ ನಳದ ಹತ್ತಿರದ ಕಲ್ಲಿನ ಮೇಲೆ ಕೂತು, ತೊಳೆದ ತಾಟುಗಳನ್ನು ಒಂದರ ಮೇಲೊಂದು ಇಡತೊಡಗಿದಳು.

"ಅವ್ವಾರು ಹೇಳಿದ್ದು ಅರ್ಧಾ ಖರೆ" ಎಂದಳು ಶೇವಂತಿ. ತಿಕ್ಕುವುದು ನಿಲ್ಲಿಸಲಿಲ್ಲ.

"ಅರ್ಧಾ?"

"ಯಂಕವ್ವನ ಅಪ್ಪ ಸತ್ತ. ಅವ್ವ ಸಾಯಲಿಲ್ಲ. ಬರಾ ಹೋಗಿ ಮಳಿ ಆದ ಮ್ಯಾಲ, ಉಡ್ಯಾಗ ಜೋಳಾ ಕಟಗೊಂಡು ವಾಡೇದ ಬಾಗಲಕ್ಕ ಬಂದಿದ್ಲಂತ. ಕೊಟ್ಟ ಜೋಳಾ ತಿರುಗಿ ತೊಗೋರಿ, ನನ್ನ ಮಗಳನ್ನ ಕೊಡ್ರಿ ಅಂದ್ಲಂತ. ದೇಸಾಯರು ಹುಡಿಗಿನ್ನ ಕರದು, ನೀನು ಯಾರವಾ ಅಂತ ಕೇಳಿದ್ರಂತ. ಅದಕ್ಕ ಬಾಯಪಾಠ ಮಾಡಿಸಿದ್ರಲ್ಲ, ಸಾಹೇಬ ಕೇಳಿದ್ರ ಹೇಳಾಕ. ಅದನ್ನಽ ಹೇಳ್ತು. ನಾ ಈ ಮನಿಮಗಳು ಅಂತ."

ಸಂಧ್ಯಾ ಕೈಯಲ್ಲಿದ್ದ ತಾಟನ್ನು ಕೆಳಗಿಟ್ಟಳು.

"ಸಣ್ಣದಿತ್ತು. ಅಂಜಿತ್ತು. ಅವ್ವ ಅಲ್ಲೇ ಕುಂತು ಜೋಳಾ ಎಲ್ಲಾ ಬಾಗಲದಾಗ ಸುರುವಿ ಹ್ವಾದ್ಲಂತ. ಆ ಜೋಳಾ ಬಳದು ಬೀಸಿದಾಕಿನೂ ಯಂಕವ್ವನ. ಸಾಯೂತನಾ ಅದನ್ನಽ ಹೇಳತಿದ್ಲಂತ, ತನ್ನ ಮಗಳ ಮುಂದ. ಅಕಿ ತನ್ನ ಮಗಳ ಮುಂದ. ನಮ್ಮವ್ವ ನನ್ನ ಮುಂದ ಹೇಳಿದ್ಲು."

"ಮದವಿ?" ಎಂದು ಕೇಳಿ ಸಂಧ್ಯಾ ನಾಲಿಗೆ ಕಚ್ಚಿಕೊಂಡಳು.

"ಮದವಿ ಮಾಡಿದ್ರ ಹುಟ್ಟಿದ ಮಕ್ಕಳು ಗಂಡನ ಮನೀವು ಆಕ್ಕಾವಲ್ರಿ ವೈನಿ. ನಮ್ಮ ಪೈಕಿ ಯಾರಿಗೂ ಮದವಿ ಆಗಿಲ್ಲ. ಮಕ್ಕಳು ಆಗ್ಯಾವು. ಯಾರ ಮಕ್ಕಳು ಅಂತ ನೀವು ಫೋಟೋ ನೋಡಿ ನೋಡಿ ಹುಡಕ್ತೀರಲ್ಲ, ಅದನ್ನ ನಾ ನೋಡೇನಿ." ಅವಳು ಕೈಗೆ ಹತ್ತಿದ್ದ ಬೂದಿ ತೊಳೆದುಕೊಂಡಳು. "ನಿಮ್ಮ ಮಾವಾರ ಮಗಳಲ್ಲ ನಾನು. ಅವರು ಒಳ್ಳೇವರಿದ್ರು. ಅವರ ತಮ್ಮನ ಮಗಳು. ಇಲ್ಲಿ ಅದೇನ ದೊಡ್ಡ ಮಾತಲ್ಲ."

ಸಂಧ್ಯಾ ತಾಟುಗಳನ್ನು ಎತ್ತಿ ಒಳಗೆ ತಂದಿಟ್ಟಳು. ಮನಸ್ಸು ಕರಗಿತ್ತು, ಖರೆ. ಆದರೆ ಕರಗಿದ ಮನಸ್ಸಿನ ತಳದಲ್ಲಿ ಹಳೇ ಉರಿ ಹಾಗೆಯೇ ಇತ್ತು. ಇವಳು ಹೋಗಬೇಕು. ಇವಳ ಸಲುವಾಗಿ ಹೋಗಬೇಕು, ನನ್ನ ಸಲುವಾಗಿಯೂ ಹೋಗಬೇಕು. ಯಾವುದು ಎಷ್ಟು ಎಂದು ತೂಗಿ ನೋಡಲು ಅವಳಿಗೆ ಧೈರ್ಯವಾಗಲಿಲ್ಲ.

ವೀರೇಶ ಮುಧೋಳದ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಆಫೀಸ್ ಕೆಲಸ ಮಾಡುತ್ತಿದ್ದ. ಸಂಜೆ ಬಂದವನು ಮಾತು ಕೇಳಿ ತಲೆ ಕೊಡವಿದ.

"ಅವ್ವನ್ನ ಯಾರು ನೋಡ್ತಾರ? ಅಕಿಗೆ ಇಲ್ಲಿ ಏನು ಕಡಿಮಿ ಮಾಡೇವಿ?"

"ಪಗಾರ ಕೊಡ್ತೀರೇನು?"

"ಮನಿಯಾಕಿಗೆ ಪಗಾರ ಏನ ಸಂಧ್ಯಾ? ತಂಗಿ ಇದ್ಹಾಂಗ ಅದಾಳ."

"ಇದ್ಹಾಂಗ ಅಲ್ರಿ. ಅದಾಳ."

ವೀರೇಶ ಹೆಂಡತಿಯ ಮುಖ ನೋಡಿದ. ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಯಾವತ್ತೂ ಬಾಯಿಗೆ ತಂದಿರಲಿಲ್ಲ. ಅಂಗಿ ತೆಗೆದು ಗೂಟಕ್ಕೆ ಹಾಕಿ, ಹಿತ್ತಲಿನ ಕಡೆ ನೋಡದೆ ಟಿವಿ ಮುಂದೆ ಹೋಗಿ ಕೂತ. ಬೇಡ ಎಂದು ಮತ್ತೆ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಶೇವಂತಿ ಎರಡು ಸೀರೆ, ಒಂದು ಕಂಬಳಿಯ ಗಂಟು ಕಟ್ಟಿಕೊಂಡು ಬಾಳವ್ವನ ಕಾಲು ಮುಟ್ಟಿದಳು. ಬಾಳವ್ವ ಗೋಡೆಯ ಕಡೆ ಹೊರಳಲು ನೋಡಿದಳು. ಒಬ್ಬಳೇ ಹೊರಳಲು ಬರುವಂತಿರಲಿಲ್ಲ. ಶೇವಂತಿಯೇ ಅವಳನ್ನು ಮೆಲ್ಲಗೆ ಗೋಡೆಯ ಕಡೆ ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟಳು.

"ನಾ ಸತ್ತ ಮ್ಯಾಲ ಹೋಗಬೇ" ಎಂದಳು ಬಾಳವ್ವ, ಗೋಡೆಗೆ.

"ಹಂಗಂದಽ ನಮ್ಮವ್ವನ್ನೂ ಇಟಗೊಂಡಿದ್ರು, ಅವ್ವಾರ" ಎಂದು ಶೇವಂತಿ ಹೊರಬಿದ್ದಳು. ಸಂಧ್ಯಾಳೇ ಸ್ಕೂಟಿಯ ಮೇಲೆ ಸ್ಟ್ಯಾಂಡಿನ ತನಕ ಬಿಟ್ಟು, ಜಮಖಂಡಿ ಬಸ್ಸಿಗೆ ಹತ್ತಿಸಿದಳು. ಬಸ್ಸು ತಿರುವಿನಲ್ಲಿ ಮರೆಯಾದಾಗ ಅವಳಿಗೆ ಹಬ್ಬದಂತಹ ಖುಷಿಯಾಯಿತು. ಅದನ್ನು ಅವಳು ಮುಚ್ಚಿಟ್ಟುಕೊಳ್ಳಲಿಲ್ಲ, ಒಬ್ಬಳೇ ಇದ್ದಳಲ್ಲ.

ಆಮೇಲೆ ಅವಳು ಬೇಡಿದ್ದೆಲ್ಲ ಅವಳಿಗೆ ಸಿಕ್ಕಿತು. ಮೊದಮೊದಲು ಬಾಳವ್ವ ತುಟಿ ಬಿಗಿದು ಉಪವಾಸವಿದ್ದಳು. ಹಸಿವು ಹೆಚ್ಚಾದಾಗ ಸಂಧ್ಯಾಳ ಕೈಯ ತುತ್ತಿಗೆ ಬಾಯಿ ತೆರೆದಳು. ದಿನ ಕಳೆದಂತೆ "ಸಂಧ್ಯಾ, ಸಂಧ್ಯಾ" ಎಂಬ ಕೂಗು ಮನೆಯ ತುಂಬ ಆಯಿತು. ಸಂಧ್ಯಾ ಪಾಠ ಮಾಡುವಾಗ ಫೋನ್, ಊಟಕ್ಕೆ ಕೂತಾಗ ಕೂಗು, ಮಗ್ಗಲು ಬದಲಿಸಲು ಕೂಗು. ನೋಡಲು ಬಂದ ನೆರೆಯವರೆದುರು ಬಾಳವ್ವ ಒಂದು ದಿನ ಅವಳ ಕೈ ಹಿಡಿದುಕೊಂಡು, "ಇಕಿ ನಮ್ಮಕಿ" ಎಂದಳು. ಸಂಧ್ಯಾ ಒಮ್ಮೆಲೇ ಕೈ ಬಿಡಿಸಿಕೊಂಡಳು. ಚಹಾ ಇಡುವ ನೆವ ಹೇಳಿ ಒಳಗೆ ಹೋದಳು.

ಆ ತಿಂಗಳೇ ಅವಳು ಗಂಡನ ಜೊತೆ ಜಗಳವಾಡಿ ಹಗಲಿಗೊಬ್ಬ ನರ್ಸಮ್ಮನನ್ನು ಇಟ್ಟಳು. ಸಂಜೆಯಾದರೆ ನರ್ಸಮ್ಮ ಚೀಲ ಹೆಗಲಿಗೇರಿಸಿ ಹೋಗಿಬಿಡುತ್ತಿದ್ದಳು. ಭಾನುವಾರ ಬರುತ್ತಲೇ ಇರಲಿಲ್ಲ. ಬಾಳವ್ವನಿಗೆ ಇದು ಅರ್ಥವಾಗಲಿಲ್ಲ. "ಬರಾಂಗಿಲ್ಲ ಅಂದ್ರ ಹೆಂಗ?" ಎಂದು ಕೇಳುತ್ತಿದ್ದಳು. ದಿನೇ ದಿನೇ ಇಳಿದು ಹೋದಳು. ಒಂದು ದಿನ ಸೊಸೆಯನ್ನು ಹತ್ತಿರ ಕೂಡಿಸಿಕೊಂಡು, "ಒಮ್ಮೆ ಅಕಿನ್ನ ಕರಕೊಂಡು ಬಾರವಾ. ಒಂದು ದಿನಾ ಇದ್ದು ಹೋಗಲಿ" ಎಂದಳು.

ಸಂಧ್ಯಾ ಸಾಲಿಗೆ ಸೂಟಿ ಹಾಕಿ ಜಮಖಂಡಿಗೆ ಹೋದಳು. ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ಶೇವಂತಿ ಇಬ್ಬರು ಹೆಂಗಸರಿಗೆ ಕೆಲಸ ಹಚ್ಚುತ್ತಿದ್ದಳು. ಅಂಚಿರುವ ನೀಲಿ ಕಾಟನ್ ಸೀರೆ, ಎಣ್ಣೆ ಹಾಕಿ ಬಾಚಿದ ತಲೆ. ಮೈ ತುಂಬಿಕೊಂಡಿತ್ತು. ಕಾಲೇಜಿಗೆ ಹೊರಟ ಹುಡುಗಿಯೊಬ್ಬಳು ಒಳಗೆ ನುಗ್ಗಿ, "ಶೇವಂತಕ್ಕಾ, ರಾತ್ರಿ ಝುಣಕಾ ಮಾಡ್ರಿ" ಎಂದು ಅವಳ ಭುಜಕ್ಕೆ ಗಲ್ಲ ಒತ್ತಿ ಓಡಿದಳು. ಸಂಧ್ಯಾಳಿಗೆ ಹೊಟ್ಟೆಯಲ್ಲಿ ಅದೇ ಪರಿಚಿತ ಉರಿ ಎದ್ದಿತು. ಎಲ್ಲಿ ಹೋದರೂ ಇವಳನ್ನೇ ಯಾಕೆ ಜನ ಅಪ್ಪಿಕೊಳ್ಳುತ್ತಾರೆ?

ಶೇವಂತಿ ಅವಳನ್ನು ತನ್ನ ಖೋಲಿಗೆ ಕರೆದುಕೊಂಡು ಹೋಗಿ ಕುರ್ಚಿ ಹಾಕಿ ಕೂಡಿಸಿದಳು. ತಾನು ಮಂಚದ ಮೇಲೆ ಕೂತಳು. ಹಿಂದೆಲ್ಲ ಸಂಧ್ಯಾಳೆದುರು ಅವಳು ನೆಲಕ್ಕೇ ಕೂರುತ್ತಿದ್ದಳು.

"ಅತ್ತ್ಯಾರ ಭಾಳ ಸೊರಗ್ಯಾರ. ಒಂದು ದಿನಾ ಬಂದು ಹೋಗು ಅಂತಾರ."

ಶೇವಂತಿ ಕಿಟಕಿಯ ಹೊರಗೆ ನೋಡಿದಳು. ಅವಳ ಕಣ್ಣು ತುಂಬಿದವು. "ಬರಾಂಗಿಲ್ಲ ವೈನಿ."

"ಒಂದ ದಿನಾ."

"ಅವರನ್ನ ನೋಡಿದ್ರ ನಾ ಉಳಕೋತೀನಿ. ನನಗ ಗೊತ್ತೈತಿ. ಕಾಲ ಹಿಡಕೊಂಡು ಎಳಿಯೂದೇನೂ ಬೇಕಾಗಿಲ್ಲ, ಶೇವಂತಿ ಅಂದ್ರ ಸಾಕು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವರ ಮ್ಯಾಲ ಜೀವಾ ಇಲ್ಲಂತ ಅಲ್ಲ. ಐತಿ. ಅದಕ್ಕಽ ಬರಾಂಗಿಲ್ಲ."

ಸಂಧ್ಯಾ ತಲೆ ತಗ್ಗಿಸಿದಳು. ಅಷ್ಟರಲ್ಲಿ ಶೇವಂತಿ ಎದ್ದು ಬಂದು, ಅವಳ ಮುಂದೆ ಒಂದು ವಾಟಗದಲ್ಲಿ ನೀರಿಟ್ಟಳು.

"ನಿಮಗ ನನ್ನ ಕಂಡ್ರ ಆಗತಿರಲಿಲ್ಲ, ಗೊತ್ತಿತ್ರಿ. ಅದಕ್ಕಽ ಕಳಿಸಿದ್ರಿ ಅನ್ನೂದೂ ಗೊತ್ತು. ಅಲ್ಲಿ ಎಲ್ಲಾರಿಗೂ ನಾ ಬೇಕಾದಾಕಿನ. ಯಾರಿಗರ ಒಬ್ಬರಿಗಿ ನಾ ಬ್ಯಾಡಾಗಬೇಕಿತ್ತು. ಛಲೋ ಆತು."

ಇದು ಉಪಕಾರ ನೆನೆದ ಮಾತೋ, ಚುಚ್ಚಿದ ಮಾತೋ ಸಂಧ್ಯಾಳಿಗೆ ತಿಳಿಯಲಿಲ್ಲ. ಬೀಳಗಿಯ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕೂತಾಗ ಅವಳಿಗೆ ಮತ್ತೆ ಮತ್ತೆ ಕೇಳಿಸಿದ್ದು "ಬರಾಂಗಿಲ್ಲ" ಎಂಬ ಒಂದೇ ಮಾತು. ತಾನು ಓದಿದವಳು, ಪಗಾರ ತರುವವಳು. ಆ ಮನೆಯಲ್ಲಿ ಯಾವತ್ತಾದರೂ ಯಾರಿಗಾದರೂ ಅಷ್ಟು ನೇರವಾಗಿ ಒಲ್ಲೆ ಎಂದಿದ್ದೇನೆಯೇ ಎಂದು ನೆನಪು ಮಾಡಿಕೊಂಡಳು. ನೆನಪಾಗಲಿಲ್ಲ. ಈ ಸಲ ಅವಳ ಹೊಟ್ಟೆಕಿಚ್ಚು ಆ ಮಾತಿನ ಮೇಲೆ ಇತ್ತು.

ಮನೆಗೆ ಬಂದಾಗ ಬಾಳವ್ವ ಬಾಗಿಲಿನ ಕಡೆಯೇ ಕಣ್ಣಿಟ್ಟಿದ್ದಳು. ಸಂಧ್ಯಾ ಒಬ್ಬಳೇ ಒಳಗೆ ಬಂದದ್ದನ್ನು ನೋಡಿದಳು. ಸೂಟಿ ಸಿಗಲಿಲ್ಲವಂತೆ ಎಂದು ಹೇಳಲು ಸಂಧ್ಯಾ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದಳು. ಬಾಯಿಗೆ ಬೇರೆಯೇ ಬಂತು.

"ಬರಾಂಗಿಲ್ಲ ಅಂದ್ಲು ಅತ್ತ್ಯಾರ. ಆರಾಮ ಅದಾಳ."

ಸಂಧ್ಯಾ ಕೈಕಾಲು ತೊಳೆದು, ರೊಟ್ಟಿ ಹಾಲಿನಲ್ಲಿ ನೆನೆಸಿಕೊಂಡು ಬಂದು ಮಂಚದ ಪಕ್ಕ ಕೂತಳು.

"ಅಲ್ಲಿ ಯಾರಿಗಿ ಉಣಸ್ತಾಳ?" ಎಂದು ಕೇಳಿದಳು ಮುದುಕಿ.

"ಹಾಸ್ಟೆಲ್ ಹುಡಿಗ್ಯಾರಿಗೆ. ಭಾಳ ಮಂದಿ ಅದಾರ. ಅಕ್ಕಾ ಅಕ್ಕಾ ಅಂತಾವು."

ಬಾಳವ್ವನ ಕಣ್ಣಿನಲ್ಲಿ ಒಂದು ಕಿಡಿ ಹತ್ತಿತು. ಆ ಕಿಡಿಯ ಗುರುತು ಸಂಧ್ಯಾಳಿಗೆ ಚೆನ್ನಾಗಿ ಇತ್ತು.

"ಅವಕ್ಕೂ ತುಪ್ಪಾ ಹಾಕಿ ಕಲಸಿ ಕೊಡ್ತಾಳೇನು?"

"ಗೊತ್ತಿಲ್ರಿ" ಎಂದಳು ಸಂಧ್ಯಾ. "ನಾ ಕೇಳಲಿಲ್ಲ."

ಅವಳು ತುತ್ತು ಎತ್ತಿ ಹಿಡಿದು ಕಾದಳು. ಬಾಳವ್ವ ಇನ್ನೂ ಬಾಯಿ ತೆರೆದಿರಲಿಲ್ಲ.